ಮೆಂಡೆನ್‌ಹಾಲ್ ಹಿಮನದಿ, ನಗೆಟ್ ಜಲಪಾತ: ಜುನೋದಲ್ಲಿ ಅರ್ಧ ದಿನ ಕೈಯಲ್ಲಿದ್ದರೆ

ಅಲಾಸ್ಕದ ರಾಜಧಾನಿ ಜುನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನದಲ್ಲಿ ಇಳಿಯಬೇಕು, ಇಲ್ಲವೇ ಹಡಗಿನಲ್ಲಿ ಬರಬೇಕು. ಆದರೆ ಒಮ್ಮೆ ಊರು ಸೇರಿಬಿಟ್ಟರೆ ಅಲ್ಲಿಂದ ಸುಮಾರು 20 ಕಿ.ಮೀ. ಟಾರು ರಸ್ತೆ, ಅರ್ಧ ಗಂಟೆಯ ಬಸ್ ಪ್ರಯಾಣ, ಅಷ್ಟೇ: 21 ಕಿ.ಮೀ. ಉದ್ದದ ಹಿಮನದಿಯ ಎದುರು ನಿಂತಿರುತ್ತೀರಿ. ಪರ್ವತಾರೋಹಣ ಬೇಡ, ಹಗ್ಗ ಬೇಡ, ಗೈಡ್ ಕೂಡ ಬೇಡ. ಅದರ ಮಗ್ಗುಲಲ್ಲೇ 115 ಮೀಟರ್ ಎತ್ತರದಿಂದ ಧುಮುಕುವ ನಗೆಟ್ ಜಲಪಾತದ ಬುಡಕ್ಕೆ ಸಮತಟ್ಟಾದ ಜಲ್ಲಿಕಲ್ಲಿನ ದಾರಿ ಇದೆ. ಮೊಮ್ಮಕ್ಕಳೂ ಅಜ್ಜಿಯೂ ಜೊತೆಯಾಗಿ ನಡೆಯಬಹುದಾದ ದಾರಿ.

ಹಾಗಾದರೆ ಮಾರ್ಗದರ್ಶಿ ಯಾಕೆ? ಇಲ್ಲಿ ಕಾಲಿಗೆ ಕೆಲಸ ಕಡಿಮೆ, ಗಡಿಯಾರಕ್ಕೆ ಹೆಚ್ಚು. ಇಲ್ಲಿಂದ ಬೇಸರದಲ್ಲಿ ವಾಪಸಾಗುವವರಲ್ಲಿ ಹೆಚ್ಚಿನವರು ನಡೆಯಲಾಗದವರಲ್ಲ. ಟಿಕೆಟ್ ಸಿಗದೆ ಉಳಿದವರು, ವಾಪಸ್ ಗಾಡಿಯ ಸರದಿಯಲ್ಲಿ ನಿಂತು ಜಲಪಾತ ಬಿಟ್ಟವರು, ನೆನೆದು ನಡುಗಿದವರು. ಅದಕ್ಕೇ ಈ ಬರಹದಲ್ಲಿ ನಡಿಗೆಗಿಂತ ಮುಂಚಿನ ತಯಾರಿಗೇ ಹೆಚ್ಚು ಜಾಗ ಕೊಟ್ಟಿದೆ.

ಯಾವ ತಿಂಗಳು

ಪ್ರವಾಸಿ ಹಡಗುಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬರುತ್ತವೆ. ಮೇ ತಿಂಗಳು ಮತ್ತು ಜೂನ್‌ನ ಮೊದಲಾರ್ಧದಲ್ಲಿ ಮಳೆ ಕೊಂಚ ಕಡಿಮೆ, ಜನವೂ ಕಡಿಮೆ, ಸುತ್ತಲಿನ ಬೆಟ್ಟಗಳ ಮೇಲೆ ಬಿಳಿ ಇನ್ನೂ ಉಳಿದಿರುತ್ತದೆ. ಜೂನ್ ಕೊನೆಯಿಂದ ಜುಲೈವರೆಗೆ ಮೇಲಿನ ಹಿಮ ಕರಗಿ ಜಲಪಾತ ತುಂಬಿ ಬೀಳುತ್ತದೆ. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಸಾಕೈ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ತೊರೆಗೆ ಏರಿ ಬರುತ್ತವೆ, ಅವುಗಳ ಬೆನ್ನಿಗೇ ಕರಡಿಗಳು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಇಲ್ಲಿ ಅತಿ ಹೆಚ್ಚು ಮಳೆಯ ಕಾಲ.

ನಮ್ಮ ಆಯ್ಕೆ ಹೇಳಬೇಕೆಂದರೆ, ನೀರು ಮತ್ತು ಹಿಮ ಮುಖ್ಯವಾದವರಿಗೆ ಜೂನ್ ಕೊನೆಯ ವಾರ. ಕರಡಿ ನೋಡಲೇಬೇಕು ಅನ್ನುವವರಿಗೆ ಜುಲೈ ಕೊನೆ. ಆಗಸ್ಟ್‌ನಲ್ಲಿ ಹೋಗುವವರು ಮುಂದೆ ಬರುವ ಪ್ರವಾಹದ ಭಾಗವನ್ನು ತಪ್ಪದೆ ಓದಿ.

ಮೋಡ ಕವಿದ ದಿನ ಸಿಕ್ಕಿತೆಂದು ಗೊಣಗಬೇಡಿ. ಒತ್ತಡದಲ್ಲಿ ಗಾಳಿಗುಳ್ಳೆಗಳು ಹಿಂಡಿಹೋಗಿ ಬಿಗಿಯಾದ ಹಿಮಗಡ್ಡೆ ಬೆಳಕಿನ ಕೆಂಪು ಭಾಗವನ್ನು ಹೀರಿಕೊಂಡು ನೀಲಿಯನ್ನು ಹೊರಬಿಡುತ್ತದೆ. ನೆತ್ತಿಯ ಬಿಸಿಲಿನಲ್ಲಿ ಮೇಲ್ಮೈಯ ಬಿಳಿ ಹೊಳಪು ಆ ನೀಲಿಯನ್ನು ಮುಚ್ಚಿಬಿಡುತ್ತದೆ. ಫೋಟೊ ತೆಗೆಯುವವರು ಇಲ್ಲಿ ಬೂದು ಆಕಾಶವನ್ನೇ ಬಯಸುತ್ತಾರೆ.

ಹಡಗಿನಲ್ಲಿ ಬರುವವರು ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ

ಕ್ಯಾಲಿಫೋರ್ನಿಯಾ, ಸಿಯಾಟಲ್ ಕಡೆಯ ಕನ್ನಡದ ಮನೆಗಳಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಾಗ ಅಲಾಸ್ಕ ಕ್ರೂಸ್ ಬುಕ್ ಮಾಡುವ ರೂಢಿ ಇದೆ. ಅಲ್ಲೊಂದು ತೊಡಕಿದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಮೆರಿಕದ ಬಂದರುಗಳನ್ನಷ್ಟೇ ಮುಟ್ಟಿ ಬರುವಂತಿಲ್ಲ ಎಂದು 1886ರ ಕಾನೂನೊಂದಿದೆ. ಹಾಗಾಗಿ ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಂತು ಹೋಗುತ್ತವೆ. ಭಾರತದ ಪಾಸ್‌ಪೋರ್ಟ್ ಇರುವ ಪ್ರವಾಸಿಗಳಿಗೆ ಅದಕ್ಕಾಗಿ ಕೆನಡಾ ವೀಸಾ ಬೇಕಾಗುತ್ತದೆ. "ನಾವು ಅಲ್ಲಿ ಇಳಿಯುವುದೇ ಇಲ್ಲ" ಎಂದರೆ ಹಡಗಿನ ಕಂಪನಿ ಒಪ್ಪುವುದಿಲ್ಲ, ಸಿಯಾಟಲ್‌ನಲ್ಲೇ ಹತ್ತಿಸಿಕೊಳ್ಳದಿರಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಪಾಸ್‌ಪೋರ್ಟ್ ಜೊತೆ ಆ ಕಾರ್ಡ್ ಇದ್ದರೆ ಕೆನಡಾ ವೀಸಾ ಬೇಡ. ಎಚ್-1ಬಿಯಲ್ಲಿದ್ದು ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೆ, ಟಿಕೆಟ್ ಕೊಳ್ಳುವ ಮೊದಲೇ ಇಮಿಗ್ರೇಷನ್ ವಕೀಲರನ್ನು ಒಂದು ಮಾತು ಕೇಳಿ.

ಈ ತಲೆನೋವೇ ಬೇಡವೆಂದರೆ ಸಿಯಾಟಲ್‌ನಿಂದ ನೇರ ವಿಮಾನದಲ್ಲಿ ಜುನೋಗೆ ಹೋಗಿ ಎರಡು ರಾತ್ರಿ ಉಳಿಯಿರಿ. ಆಗ ಅದು ಒಳನಾಡಿನ ಪ್ರಯಾಣ, ಕೆನಡಾ ಮಧ್ಯೆ ಬರುವುದಿಲ್ಲ. ಜುನೋ ವಿಮಾನ ನಿಲ್ದಾಣ ಇರುವುದೂ ಹಿಮನದಿಯ ಕಡೆಗೇ. ಹಡಗಿನವರ ಜಾತ್ರೆ ಕರಗಿದ ಮೇಲೆ ಸಂಜೆ ಏಳಕ್ಕೆ ಸರೋವರದ ದಂಡೆಯಲ್ಲಿ ಓಡಾಡಬಹುದು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ.

ಬಂದರಿನಿಂದ ಹಿಮನದಿಗೆ

ನಾಲ್ಕು ದಾರಿಗಳಿವೆ. ಖರ್ಚು ಮತ್ತು ತಾಪತ್ರಯ ಇಲ್ಲಿ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ.

ಶಟಲ್ ಬಸ್. ಹಡಗುಕಟ್ಟೆಯ ಬಳಿಯಿಂದಲೇ ಹೊರಡುತ್ತದೆ, ವಿಸಿಟರ್ ಸೆಂಟರ್ ಬಾಗಿಲಿಗೆ ಬಿಡುತ್ತದೆ, ಬಂದ ಟಿಕೆಟ್ಟಿನಲ್ಲೇ ಯಾವುದಾದರೂ ಬಸ್ಸಿನಲ್ಲಿ ವಾಪಸಾಗಬಹುದು. ಹೋಗಿ ಬರಲು ತಲಾ 50 ಡಾಲರ್ ಆಸುಪಾಸು. ಮೊದಲ ಸಲ ಹೋಗುವವರಿಗೆ, ವಯಸ್ಸಾದವರು ಜೊತೆಗಿದ್ದವರಿಗೆ ಇದೇ ಸರಿ. ಒಂದು ಎಚ್ಚರಿಕೆ: ಈ ಜಾಗ ಟಾಂಗಸ್ ರಾಷ್ಟ್ರೀಯ ಅರಣ್ಯದೊಳಗಿದೆ. ವರ್ಷಕ್ಕೆ ಇಷ್ಟೇ ಜನರನ್ನು ಕರೆತರಬಹುದೆಂದು ಅಮೆರಿಕದ ಅರಣ್ಯ ಇಲಾಖೆ ಪ್ರತಿ ಸಂಸ್ಥೆಗೂ ಪರವಾನಗಿ ಹಂಚುತ್ತದೆ. ಋತುವಿನ ಕೊನೆಗೆ ಆ ಪಾಲು ಮುಗಿದು ಶಟಲ್‌ಗಳು ನಿಂತುಹೋದದ್ದುಂಟು. ಹಡಗಿನಿಂದ ಇಳಿದು ಕೊಳ್ಳೋಣ ಎಂದುಕೊಂಡರೆ ಕೈ ಖಾಲಿಯಾದೀತು. ದಿನಾಂಕ ಗೊತ್ತಾದ ಕೂಡಲೇ ಮುಂಗಡ ಕಾಯ್ದಿರಿಸಿ.

ಹಡಗಿನ ಕಂಪನಿಯೇ ಮಾರುವ ಪ್ರವಾಸ. ಬೆಲೆ ಹೆಚ್ಚು, ಆದರೆ ಬಸ್ ತಡವಾದರೆ ಹಡಗು ಕಾಯುತ್ತದೆ. ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಹಿಮನದಿಯ ಬಳಿ ಎಷ್ಟು ಹೊತ್ತು ಬಿಡುತ್ತೀರಿ? ಒಂದು ಗಂಟೆ ಎಂದರೆ ಜಲಪಾತ ಸಿಗುವುದಿಲ್ಲ. ಎರಡು ಗಂಟೆಯಾದರೂ ಬೇಕು. ತಿಮಿಂಗಿಲ ನೋಡುವ ಪ್ರವಾಸದ ಜೊತೆ ಹಿಮನದಿಯನ್ನೂ ಸೇರಿಸಿ ಮಾರುವ ಪೊಟ್ಟಣಗಳಲ್ಲಿ ಈ ಕೊರತೆ ಹೆಚ್ಚು.

ಟ್ಯಾಕ್ಸಿ, ಊಬರ್, ಲಿಫ್ಟ್. ನಾಲ್ಕು ಜನರ ಕುಟುಂಬಕ್ಕೆ ಲೆಕ್ಕ ಹಾಕಿದರೆ ಶಟಲ್‌ಗಿಂತ ಅಗ್ಗವೂ ಆಗಬಹುದು. ಹೋಗುವಾಗ ಸಲೀಸು. ಬರುವಾಗಿನ ಕಥೆಯೇ ಬೇರೆ. ಹಿಮನದಿಯ ಬಳಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂಥದ್ದಲ್ಲ. ಐದು ಹಡಗು ನಿಂತ ದಿನ ಊರಿನ ಗಾಡಿಗಳೆಲ್ಲ ಎಲ್ಲೋ ಓಡುತ್ತಿರುತ್ತವೆ. ಟ್ಯಾಕ್ಸಿಯಲ್ಲಿ ಹೋದರೆ ಇಳಿಯುವ ಮುಂಚೆಯೇ ಅದೇ ಚಾಲಕನ ಬಳಿ ವಾಪಸ್ ಹೊತ್ತು ಗೊತ್ತುಮಾಡಿಕೊಳ್ಳಿ.

ಊರಿನ ಬಸ್ಸು. ಕ್ಯಾಪಿಟಲ್ ಟ್ರಾನ್ಸಿಟ್ ಎಂಬ ನಗರ ಸಾರಿಗೆ, ದೊಡ್ಡವರಿಗೆ 2 ಡಾಲರ್. ಚಿಲ್ಲರೆ ವಾಪಸ್ ಕೊಡುವುದಿಲ್ಲ, ಸರಿಯಾದ ನೋಟು ಕೈಯಲ್ಲಿರಲಿ. ಇದು ಹಿಮನದಿಯವರೆಗೆ ಹೋಗುವುದಿಲ್ಲ. ಮೆಂಡೆನ್‌ಹಾಲ್ ಲೂಪ್ ರಸ್ತೆಯಲ್ಲಿ ಇಳಿಸುತ್ತದೆ, ಅಲ್ಲಿಂದ ಸುಮಾರು ಎರಡೂವರೆ ಕಿ.ಮೀ. ನಡಿಗೆ. ಹತ್ತುವಾಗಲೇ ಚಾಲಕನಿಗೆ ಗ್ಲೇಸಿಯರ್‌ಗೆ ಹೋಗಬೇಕೆಂದು ಹೇಳಿದರೆ ಸರಿಯಾದ ನಿಲ್ದಾಣದಲ್ಲಿ ಇಳಿಸುತ್ತಾರೆ. ಇಳಿದ ಕೂಡಲೇ ಎದುರು ಬದಿಯ ನಿಲ್ದಾಣದ ವೇಳಾಪಟ್ಟಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಜಲಪಾತದ ನಡಿಗೆಯನ್ನೂ ಸೇರಿಸಿದರೆ ಒಟ್ಟು ಎಂಟು ಕಿ.ಮೀ. ಆಗುತ್ತದೆ. ಕಾಲು ಗಟ್ಟಿಯಿರುವ, ಸಮಯ ಆರು ಗಂಟೆಯಾದರೂ ಇರುವ ಯುವಕರಿಗೆ ಹಣ ಉಳಿಸುವ ದಾರಿ ಇದು. ಹಿರಿಯರ ಜೊತೆಗಿದ್ದಾಗ ಇದರ ಗೋಜು ಬೇಡ.

ಇನ್ನೊಂದು ವಿಷಯ. ಜುನೋ ನಗರ ಮತ್ತು ಹಡಗು ಕಂಪನಿಗಳ ನಡುವಿನ ಒಪ್ಪಂದದಂತೆ 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿ ಇದೆ. 2026ರಿಂದ ಪ್ರಯಾಣಿಕರ ಸಂಖ್ಯೆಗೂ ಮಿತಿ: ಭಾನುವಾರದಿಂದ ಶುಕ್ರವಾರದವರೆಗೆ ದಿನಕ್ಕೆ 16,000, ಶನಿವಾರ 12,000. ಹಡಗು ಆರಿಸುವಾಗ ಅದು ವಾರದ ಯಾವ ದಿನ ಜುನೋ ತಲುಪುತ್ತದೆ ಎಂದೂ ನೋಡಿದರೆ ಲಾಭವಿದೆ.

ಸಮಯದ ಲೆಕ್ಕ

ಶಟಲ್‌ನಲ್ಲಿ ಹೋಗುವವರಿಗೆ: ಬಂದರಿನಲ್ಲಿ ಬಸ್ಸಿಗಾಗಿ ಕಾಯುವುದು 20 ನಿಮಿಷ, ಪ್ರಯಾಣ 30, ವಿಸಿಟರ್ ಸೆಂಟರ್ 30, ಜಲಪಾತಕ್ಕೆ ನಡಿಗೆ 30, ಅಲ್ಲಿ 20, ವಾಪಸ್ 30, ಫೋಟೊ ಪಾಯಿಂಟ್ 20, ವಾಪಸ್ ಬಸ್ಸಿನ ಸರದಿ 30, ಪ್ರಯಾಣ 30. ಒಟ್ಟು ನಾಲ್ಕು ಗಂಟೆ. ಸಾಲ್ಮನ್ ಕಾಲದಲ್ಲಿ ಮೀನು ಏರಿ ಬರುವ ಸ್ಟೀಪ್ ಕ್ರೀಕ್ ತೊರೆಗೆ ಇನ್ನೊಂದು 30. ಹಡಗು ಹೊರಡುವುದಕ್ಕೆ ಮೊದಲು ಎಲ್ಲರೂ ಒಳಗಿರಬೇಕಾದ ಗಳಿಗೆಯಿಂದ ಹಿಂದಕ್ಕೆ ಎಣಿಸಿ, ಅದಕ್ಕೆ ಒಂದೂವರೆ ಗಂಟೆ ಮೊದಲೇ ಹಿಮನದಿಯ ಬಸ್ ಸರದಿಯಲ್ಲಿ ನಿಂತಿರಿ.

ಮೊಬೈಲ್ ತೋರಿಸುವ ಹೊತ್ತನ್ನು ಕಣ್ಣುಮುಚ್ಚಿ ನಂಬಬೇಡಿ. ಅಲಾಸ್ಕ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗು ತನ್ನದೇ ಸಮಯ ಇಟ್ಟುಕೊಂಡಿದ್ದರೆ ಎರಡಕ್ಕೂ ಹೊಂದದೆ ಹೋಗಬಹುದು. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿ, ಇಡೀ ದಿನ ಅದನ್ನೇ ನೋಡಿ.

ಬೆಳಗ್ಗೆ ಹಡಗು ಕಟ್ಟಿದರೆ ಮೊದಲ ಬಸ್ಸಿಗೇ ಹೋಗಿ. ಹತ್ತು ಗಂಟೆಯಿಂದ ಎರಡರವರೆಗೆ ಅತಿ ಗದ್ದಲ. ಮಧ್ಯಾಹ್ನ ಬರುವ ಹಡಗಿನವರು ತಿಮಿಂಗಿಲ ಮೊದಲು, ಹಿಮನದಿ ಆಮೇಲೆ ಎಂದು ಇಟ್ಟುಕೊಳ್ಳುವುದೇ ಒಳ್ಳೆಯದು.

ಮೈಮೇಲೆ ಏನಿರಬೇಕು, ಚೀಲದಲ್ಲಿ ಏನು

ಜುಲೈನಲ್ಲೂ ಇಲ್ಲಿನ ಹಗಲು ಸಾಮಾನ್ಯವಾಗಿ 12ರಿಂದ 18 ಡಿಗ್ರಿ. ಸರೋವರದ ದಂಡೆಗೆ ಬಂದರೆ ಇನ್ನೂ ತಣ್ಣಗೆ. ಹಿಮದ ಮೇಲೆ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ನೇರ ಮುಖಕ್ಕೆ ಬಡಿಯುತ್ತದೆ. ಮಲೆನಾಡಿನವರಿಗೆ ಮಳೆ ಹೊಸತಲ್ಲ, ಆದರೆ ಹತ್ತು ಡಿಗ್ರಿಯಲ್ಲಿ ಗಾಳಿಯ ಜೊತೆ ಬರುವ ಮಳೆ ಬೇರೆ ಜಾತಿಯದು.

ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿಯನ್ನು ಹೀರಿಬಿಡುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ. ಒಳಗೆ ಥರ್ಮಲ್ ಅಥವಾ ಪಾಲಿಯೆಸ್ಟರ್ ಟೀಶರ್ಟ್, ಮೇಲೊಂದು ಉಣ್ಣೆ ಇಲ್ಲವೇ ಫ್ಲೀಸ್, ಎಲ್ಲಕ್ಕೂ ಮೇಲೆ ಟೊಪ್ಪಿಗೆಯಿರುವ ರೇನ್‌ಕೋಟ್. ಕೊಡೆ ಈ ಗಾಳಿಗೆ ಒಮ್ಮೆ ಮಗುಚಿದರೆ ಮುಗಿಯಿತು. ಸೀರೆಯೇ ಉಡುವ ಅಮ್ಮಂದಿರು ಒಳಗೆ ಥರ್ಮಲ್ ಪ್ಯಾಂಟ್, ಕಾಲಿಗೆ ಉಣ್ಣೆ ಸಾಕ್ಸ್, ಹಿಡಿತವಿರುವ ಶೂ ಹಾಕಿಕೊಂಡು, ನೆರಿಗೆಯನ್ನು ಕೊಂಚ ಮೇಲೆತ್ತಿ ಉಟ್ಟರೆ ಜಲಪಾತದವರೆಗೆ ಧಾರಾಳವಾಗಿ ನಡೆಯಬಹುದು. ಚಪ್ಪಲಿ ಮಾತ್ರ ಸಲ್ಲದು. ಜಲಪಾತದ ಬುಡದಲ್ಲಿ ಕಲ್ಲುಗಳು ಸದಾ ಒದ್ದೆ.

ಚೀಲದಲ್ಲಿ: ನೀರಿನ ಬಾಟಲಿ, ಬದಲಿ ಸಾಕ್ಸ್, ಮೊಬೈಲ್ ಒರೆಸಲು ಒಣ ಬಟ್ಟೆ, ಎಂಟರಿಂದ ಹತ್ತು ಪಟ್ಟು ಹತ್ತಿರ ತೋರಿಸುವ ಬೈನಾಕ್ಯುಲರ್, ಕ್ರೆಡಿಟ್ ಕಾರ್ಡ್.

ಈ ಪಟ್ಟಿಯಲ್ಲಿ ತಿಂಡಿ ಇಲ್ಲದ್ದನ್ನು ಗಮನಿಸಿರಬಹುದು. ಬೇಕೆಂದೇ ಬಿಟ್ಟದ್ದು. ಇದು ಕರಡಿಗಳ ಓಡಾಟದ ಜಾಗ. ಚಿತ್ರಾನ್ನದ ಡಬ್ಬಿಯಾಗಲಿ ಚಪಾತಿ ಸುರುಳಿಯಾಗಲಿ ದಾರಿಯಲ್ಲಿ ಬಿಚ್ಚಿ ತಿನ್ನುವಂತಿಲ್ಲ. ಒಮ್ಮೆ ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಜನರ ಬಳಿ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ. ಹೊಟ್ಟೆ ತುಂಬ ತಿಂದು ಹೊರಡಿ. ಸಕ್ಕರೆ ಕಾಯಿಲೆ ಇರುವವರು ಗ್ಲೂಕೋಸ್ ಮಾತ್ರೆಯಂಥ ವಾಸನೆಯಿಲ್ಲದ್ದನ್ನು ಜೇಬಿನಲ್ಲಿಟ್ಟುಕೊಳ್ಳಿ, ಬೇಕಾದದ್ದನ್ನು ಅಲ್ಲಿನ ಸಿಬ್ಬಂದಿಗೆ ಮೊದಲೇ ಹೇಳಿ.

ತಲುಪಿದ ಮೇಲೆ

1. ಬಸ್ ಇಳಿದ ಕೂಡಲೇ ವಾಪಸ್ ಬಸ್ ಎಲ್ಲಿ ನಿಲ್ಲುತ್ತದೆ, ಕೊನೆಯದು ಎಷ್ಟಕ್ಕೆ ಎಂದು ಕೇಳಿಕೊಳ್ಳಿ. ಶೌಚಾಲಯಕ್ಕೂ ಇಲ್ಲೇ ಹೋಗಿ ಬನ್ನಿ, ಜಲಪಾತದ ಬಳಿ ಇಲ್ಲ.

2. ಬೇಸಿಗೆಯಲ್ಲಿ 16 ವರ್ಷ ಮೇಲ್ಪಟ್ಟವರಿಗೆ 5 ಡಾಲರ್ ಪ್ರವೇಶ ಶುಲ್ಕವಿದೆ. ಪ್ರವಾಸದ ಟಿಕೆಟ್ಟಿನಲ್ಲೇ ಸೇರಿದೆಯೇ ನೋಡಿಕೊಳ್ಳಿ, ಎರಡು ಸಲ ಕೊಡಬೇಡಿ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ತೋರಿಸಿ.

3. ವಿಸಿಟರ್ ಸೆಂಟರ್ ಕಟ್ಟಿದ್ದು 1962ರಲ್ಲಿ. ಅಮೆರಿಕದ ಅರಣ್ಯ ಇಲಾಖೆ ಕಟ್ಟಿದ ಮೊದಲ ವಿಸಿಟರ್ ಸೆಂಟರ್ ಅದು. ಅರ್ಧ ಗಂಟೆ ಸಾಕು. ಗಾಜಿನ ಗೋಡೆಯ ಮುಂದೆ ಹಿಮನದಿ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂಬ ಚಿತ್ರಗಳನ್ನು ನೋಡಿಯೇ ನಡೆಯಲು ಹೊರಡಿ. ಇಲ್ಲದಿದ್ದರೆ ಹೊರಗೆ ನೋಡುವುದರ ಅರ್ಥವೇ ಆಗುವುದಿಲ್ಲ. ಈಗ ಕಟ್ಟಡವಿರುವ ಬಂಡೆಯ ಹತ್ತಿರದವರೆಗೂ ಕಳೆದ ಶತಮಾನದ ಮೊದಲ ದಶಕಗಳಲ್ಲಿ ಹಿಮವಿತ್ತು. ಮೆಂಡೆನ್‌ಹಾಲ್ ಸರೋವರ ಎಂದು ಈಗ ಕರೆಯುವ ನೀರು ಹಿಮ ಹಿಂದೆ ಸರಿದು ಬಿಟ್ಟ ಗುಂಡಿಯಲ್ಲಿ ತುಂಬಿಕೊಂಡದ್ದು. ನಗೆಟ್ ಜಲಪಾತ ಹಿಂದೆ ಬೀಳುತ್ತಿದ್ದದ್ದು ಸರೋವರಕ್ಕಲ್ಲ, ಹಿಮನದಿಯ ಮೇಲಕ್ಕೆ.

4. ಫೋಟೊ ಪಾಯಿಂಟ್ ದಾರಿ ಅರ್ಧ ಕಿ.ಮೀ. ಇರಬಹುದು, ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಮಂಡಿನೋವಿನವರು ಇಲ್ಲಿ ಕುಳಿತಿರಲಿ, ಉಳಿದವರು ಜಲಪಾತ ಮುಗಿಸಿ ಬರಲಿ. ಬೇಸಿಗೆಯ ಮೊದಲ ಭಾಗದಲ್ಲಿ ಇಲ್ಲಿನ ಮರಳಿನ ದಂಡೆಯಲ್ಲಿ ಆರ್ಕ್‌ಟಿಕ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಹಗ್ಗ ಕಟ್ಟಿದ ಜಾಗ ದಾಟಿದರೆ ತಲೆಗೇ ಕುಕ್ಕಲು ಬರುತ್ತವೆ. ಧ್ರುವದಿಂದ ಧ್ರುವಕ್ಕೆ ವಲಸೆ ಹೋಗುವ ಹಕ್ಕಿ, ಮನುಷ್ಯರಿಗೆ ಅಂಜುವುದಿಲ್ಲ.

ಜಲಪಾತದ ದಾರಿ

ಫೋಟೊ ಪಾಯಿಂಟ್ ಕಡೆಗೆ ಇಳಿಯುವಲ್ಲೇ ನಗೆಟ್ ಫಾಲ್ಸ್ ಎಂಬ ಫಲಕವಿದೆ. ಒಂದು ಕಡೆಗೆ ಸುಮಾರು ಒಂದೂವರೆ ಕಿ.ಮೀ., ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ. ದಾರಿ ಅಗಲವಾಗಿದೆ, ಜಲ್ಲಿ ಹಾಕಿ ಗಟ್ಟಿಮಾಡಿದ್ದಾರೆ. ದಪ್ಪ ಚಕ್ರದ ಮಕ್ಕಳ ಗಾಡಿ ಮುಕ್ಕಾಲು ಪಾಲು ದೂರ ಹೋಗುತ್ತದೆ. ಕೊನೆಯ ತುಂಡು ಮರಳು, ಉರುಟುಕಲ್ಲು. ಅಲ್ಲಿ ಮಗುವನ್ನು ಎತ್ತಿಕೊಳ್ಳಬೇಕು.

ನಡೆಯುತ್ತ ಎಡಬಲದ ಗಿಡಗಳನ್ನು ನೋಡಿ. ವಿಸಿಟರ್ ಸೆಂಟರ್‌ನ ಹಿಂದಿನ ಇಳಿಜಾರಿನಲ್ಲಿ ಸ್ಪ್ರೂಸ್, ಹೆಮ್ಲಾಕ್ ಮರಗಳು ಎತ್ತರಕ್ಕೆ ಬೆಳೆದಿವೆ. ಜಲಪಾತದ ಕಡೆ ಹೋದಂತೆ ಆಲ್ಡರ್, ವಿಲ್ಲೊ ಪೊದೆಗಳು, ಕಾಟನ್‌ವುಡ್, ಮುಂದೆ ಬರೀ ಲ್ಯೂಪಿನ್ ಹೂವು, ಪಾಚಿ, ಕಲ್ಲು. ಹಿಮ ಬಿಟ್ಟು ಎಷ್ಟು ವರ್ಷವಾಯಿತು ಎಂಬುದನ್ನು ಮರದ ಎತ್ತರವೇ ಹೇಳುತ್ತದೆ. ಆಲ್ಡರ್ ಬೇರಿನಲ್ಲಿ ಸಾರಜನಕ ಹಿಡಿದಿಡುವ ಸೂಕ್ಷ್ಮಜೀವಿಗಳಿವೆ. ಬರಡು ಜಲ್ಲಿಗೆ ಮೊದಲ ಗೊಬ್ಬರ ಹಾಕುವುದು ಅದೇ, ಆಮೇಲಷ್ಟೇ ದೊಡ್ಡ ಮರಗಳ ಸರದಿ. ಒಂದೂವರೆ ಕಿ.ಮೀ.ಯಲ್ಲಿ ಸುಮಾರು ನೂರು ವರ್ಷದ ಕಾಡಿನ ಚರಿತ್ರೆಯನ್ನು ಹಿಂದಕ್ಕೆ ನಡೆದಂತಾಗುತ್ತದೆ. ನಮ್ಮ ಮಟ್ಟಿಗೆ ಈ ದಾರಿಯ ಅತಿ ಸ್ವಾರಸ್ಯದ ಸಂಗತಿ ಇದೇ. ಹೆಚ್ಚಿನವರು ಮೊಬೈಲ್ ಹಿಡಿದು ಜಲಪಾತದತ್ತ ಓಡುತ್ತಾ ಇದನ್ನು ಕಾಣದೆ ಹೋಗುತ್ತಾರೆ.

ಬಲಕ್ಕಿರುವುದು ಬುಲ್ಲಾರ್ಡ್ ಬೆಟ್ಟ. ಬೈನಾಕ್ಯುಲರ್ ಹಿಡಿದು ಹುಲ್ಲಿನ ಅಂಚುಗಳಲ್ಲಿ ಬಿಳಿ ಚುಕ್ಕೆ ಹುಡುಕಿ. ಕದಲದಿದ್ದರೆ ಹಿಮದ ತುಣುಕು, ಕದಲಿದರೆ ಬೆಟ್ಟದ ಮೇಕೆ.

ಎಡಗಡೆ ಸರೋವರ. ಬೂದು ಮಿಶ್ರಿತ ಹಸಿರು ಬಣ್ಣ ಕೊಳೆಯಿಂದಲ್ಲ. ಹಿಮ ಬಂಡೆಯನ್ನು ಉಜ್ಜುವಾಗ ಬಂದ ಹಿಟ್ಟಿನಂಥ ಕಲ್ಲುಪುಡಿ ತಳಕ್ಕಿಳಿಯದೆ ನೀರಿನಲ್ಲೇ ತೇಲುತ್ತದೆ. ದಂಡೆಯಲ್ಲಿ ಅದೇ ಪುಡಿ ಕೆಸರಾಗಿ ನಿಂತಿರುತ್ತದೆ. ಮೇಲೆ ಗಟ್ಟಿಯಾಗಿ ಕಂಡರೂ ಕಾಲಿಟ್ಟರೆ ಶೂ ಒಳಗೇ ಉಳಿದುಬಿಡಬಹುದು. ಒಣಗಿದ ಜಲ್ಲಿಯ ಮೇಲೇ ನಡೆಯಿರಿ.

ಜಲಪಾತ ಕಾಣುವ ಮೊದಲೇ ಕೇಳುತ್ತದೆ. ಅದು ಎರಡು ಹಂತದಲ್ಲಿ ಬೀಳುತ್ತದೆ: ಮೇಲಿನದು 30 ಮೀಟರ್, ಕೆಳಗಿನದು 85. ನೀರು ಬರುವುದು ಮೇಲಿನ ಕಣಿವೆಯಲ್ಲಿರುವ ನಗೆಟ್ ಹಿಮನದಿಯಿಂದ. ಎತ್ತರದಲ್ಲಿ ನಮ್ಮ ಜೋಗದ ಅರ್ಧವೂ ಇಲ್ಲ. ಆದರೆ ಇಲ್ಲಿ ನೀರು ಬೀಳುವ ಜಾಗಕ್ಕೆ ಕೆಲವೇ ಮೀಟರ್ ದೂರದವರೆಗೆ ಹೋಗಬಹುದು, ಬೇಸಿಗೆಯ ಉದ್ದಕ್ಕೂ ಬತ್ತುವುದಿಲ್ಲ.

ಅಲ್ಲಿ ಜಾಗ್ರತೆಯ ಮಾತು ಮೂರೇ. ತುಂತುರಿನ ವ್ಯಾಪ್ತಿಯೊಳಗಿನ ಬಂಡೆಗಳ ಮೇಲೆ ಹತ್ತಬೇಡಿ, ಪಾಚಿಯೂ ಹೂಳೂ ಸೇರಿ ಜಾರುತ್ತವೆ. ಸೆಲ್ಫಿಗಾಗಿ ಒಂದು ಕಲ್ಲು ಮುಂದೆ ಹೋಗುವುದೂ ಬೇಡ. ನೀರಿಗೆ ಇಳಿಯಬೇಡಿ, ಕರಗಿದ ಹಿಮದ ನೀರು ಒಂದೆರಡು ನಿಮಿಷದಲ್ಲಿ ಕೈಕಾಲು ಆಡದಂತೆ ಮಾಡುತ್ತದೆ. ದಂಡೆಗೆ ತೇಲಿ ಬಂದ ಸಣ್ಣ ಹಿಮದ ತುಂಡನ್ನು ಮುಟ್ಟಿ ನೋಡಬಹುದು, ದೊಡ್ಡದರ ಮೇಲೆ ಮಕ್ಕಳನ್ನು ನಿಲ್ಲಿಸಬೇಡಿ. ಹತ್ತರಲ್ಲಿ ಒಂಬತ್ತು ಪಾಲು ನೀರಿನೊಳಗಿರುವ ಅದು ಕರಗುತ್ತಾ ತೂಕ ತಪ್ಪಿ ದಿಢೀರನೆ ಮಗುಚುತ್ತದೆ. ಕೈಗೆ ಸಿಕ್ಕ ಆ ತುಂಡು ಮೇಲಿನ ಜುನೋ ಹಿಮಬಯಲಿನಿಂದ ಇಲ್ಲಿಗೆ ಬರಲು 200ರಿಂದ 250 ವರ್ಷ ತೆಗೆದುಕೊಂಡಿದೆ.

ಫೋಟೊಗೆ ಒಂದು ಕಿವಿಮಾತು. ಜಲಪಾತದ ಬುಡದಲ್ಲಿ ನಿಂತರೆ ಹಿಮ ಮತ್ತು ನೀರು ಒಂದೇ ಚೌಕಟ್ಟಿಗೆ ಬರುವುದಿಲ್ಲ. ಸುಮಾರು 200 ಹೆಜ್ಜೆ ಹಿಂದೆ, ದಾರಿ ಸರೋವರಕ್ಕೆ ತೆರೆದುಕೊಳ್ಳುವಲ್ಲಿ ನಿಂತು ತೆಗೆಯಿರಿ. ಜಲಪಾತದ ಕೆಳಗೆ ಮನುಷ್ಯರು ಚುಕ್ಕೆಯಂತೆ ಕಂಡಾಗಲೇ ಅದರ ಗಾತ್ರ ಗೊತ್ತಾಗುವುದು.

ಒಂದು ಮಾತು ಮೊದಲೇ ಹೇಳಿಬಿಡುವುದು ಮೇಲು. ಹಳೆಯ ಪ್ರವಾಸದ ಚಿತ್ರಗಳಲ್ಲಿ ಹಿಮನದಿಯ ನೀಲಿ ಗೋಡೆ ಜಲಪಾತದ ಪಕ್ಕದಲ್ಲೇ ನೀರಿಗೆ ಇಳಿದಿರುತ್ತದೆ. ಈಗ ಹಾಗಿಲ್ಲ. ಹಿಮದ ಮೂತಿ ಬಹಳ ಹಿಂದೆ ಸರಿದಿದೆ, ತೇಲುವ ತುಂಡುಗಳೂ ಹಿಂದಿನಷ್ಟಿಲ್ಲ.

ಕರಡಿ ಎದುರಾದರೆ

ವಿಸಿಟರ್ ಸೆಂಟರ್‌ನ ಗಾಡಿ ನಿಲ್ಲಿಸುವ ಜಾಗದ ಪಕ್ಕದಲ್ಲೇ ಸ್ಟೀಪ್ ಕ್ರೀಕ್. ನೆಲದಿಂದ ಎತ್ತರದಲ್ಲಿ ಮರದ ಹಲಗೆಯ ದಾರಿ ಇದೆ, ಕೆಳಗೆ ತೊರೆಯಲ್ಲಿ ಹಸಿರು ತಲೆ, ಕೆಂಪು ಮೈಯ ಸಾಕೈ ಮೀನುಗಳು. ಕಪ್ಪು ಕರಡಿ ಬಂದರೆ ಹಲಗೆಯ ಕೆಳಗಿಂದಲೇ ಹಾದು ಹೋಗುವುದೂ ಉಂಟು. ದಾರಿಯಲ್ಲಿ ಎದುರಾದರೆ ಓಡಬೇಡಿ, ಬೆನ್ನು ತೋರಿಸಬೇಡಿ. ಮಕ್ಕಳನ್ನು ಹತ್ತಿರ ಎಳೆದುಕೊಂಡು, ಮಾಮೂಲು ದನಿಯಲ್ಲಿ ಮಾತಾಡುತ್ತ ನಿಧಾನ ಹಿಂದೆ ಸರಿದು ಅದಕ್ಕೆ ದಾರಿ ಬಿಡಿ. ಮರಿಯೊಂದು ಮರದ ಮೇಲೆ ಕಂಡರೆ ತಾಯಿ ಹತ್ತಿರದಲ್ಲೇ ಇದೆ ಎಂದೇ ಲೆಕ್ಕ. ಸಿಬ್ಬಂದಿ ದಾರಿ ಮುಚ್ಚಿದ್ದೇವೆ ಎಂದರೆ ವಾದಿಸದೆ ತಿರುಗಿ ಬನ್ನಿ, ಹತ್ತು ಹದಿನೈದು ನಿಮಿಷದಲ್ಲಿ ಸಾಮಾನ್ಯವಾಗಿ ತೆರೆಯುತ್ತಾರೆ.

ಆಗಸ್ಟ್‌ನ ಪ್ರವಾಹ

ಹಿಮನದಿಯ ಮಗ್ಗುಲಲ್ಲಿ ಸೂಸೈಡ್ ಬೇಸಿನ್ ಎಂಬ ಬೋಗುಣಿಯಾಕಾರದ ಕಣಿವೆ ಇದೆ. ಅಲ್ಲಿಂದ ಹರಿದು ಬಂದು ಸೇರುತ್ತಿದ್ದ ಉಪ ಹಿಮನದಿ ಕರಗಿ ಹೋಗಿ ಜಾಗ ಖಾಲಿಯಾಯಿತು. ಈಗ ಬೇಸಿಗೆಯಲ್ಲಿ ಮಳೆನೀರು, ಕರಗಿದ ನೀರು ಅಲ್ಲಿ ತುಂಬುತ್ತದೆ, ಮೆಂಡೆನ್‌ಹಾಲ್ ಹಿಮನದಿಯೇ ಅದಕ್ಕೆ ಅಣೆಕಟ್ಟು. ನೀರಿನ ಒತ್ತಡ ಒಂದು ಹಂತ ಮೀರಿದಾಗ ಹಿಮದ ಅಡಿಯಲ್ಲಿ ಸುರಂಗ ಕೊರೆದುಕೊಂಡು ಎಲ್ಲವೂ ಒಂದೆರಡು ದಿನದಲ್ಲಿ ಸರೋವರಕ್ಕೂ ಅದರಿಂದ ಹೊರಡುವ ಮೆಂಡೆನ್‌ಹಾಲ್ ನದಿಗೂ ನುಗ್ಗುತ್ತದೆ. 2011ರಿಂದ ಇದು ನಡೆಯುತ್ತಿದೆ. ನದಿಯ ಮಟ್ಟ 2023ರ ಆಗಸ್ಟ್‌ನಲ್ಲಿ 14.97 ಅಡಿ, 2024ರಲ್ಲಿ 15.99 ಅಡಿ, 2025ರಲ್ಲಿ 16.65 ಅಡಿ ಮುಟ್ಟಿತು. ಮೂರೂ ಸಲ ಹಳೆಯ ದಾಖಲೆ ಮುರಿಯಿತು.

ಪ್ರವಾಸಿಗೆ ಇದರ ಅರ್ಥ ಇಷ್ಟು: ನೀರು ಏರಿದಾಗ ಮೊದಲು ಮುಳುಗುವುದು ಸರೋವರದ ಅಂಚಿನಲ್ಲಿರುವ ತಗ್ಗಿನ ದಾರಿಗಳು, ನಗೆಟ್ ಜಲಪಾತದ ದಾರಿಯೂ ಸೇರಿ. ಇಲಾಖೆ ಅವನ್ನು ಮುಚ್ಚುತ್ತದೆ. ಹೋಗುವ ಎರಡು ದಿನ ಮೊದಲು ಜುನೋದ ಹವಾಮಾನ ಇಲಾಖೆಯ ತಾಣದಲ್ಲಿ ಆ ಕಣಿವೆಯ ನೀರಿನ ಮಟ್ಟದ ಮುನ್ಸೂಚನೆ ನೋಡಿ. ದಾರಿ ಮುಚ್ಚಿದ್ದರೆ ಈಸ್ಟ್ ಗ್ಲೇಸಿಯರ್ ಲೂಪ್ ತೆರೆದಿದೆಯೇ ಕೇಳಿ. ಅದು ಎತ್ತರದಲ್ಲಿ ಕಾಡಿನೊಳಗೆ ಹೋಗುವ ಐದೂವರೆ ಕಿ.ಮೀ. ಸುತ್ತು, ಮೆಟ್ಟಿಲು ಸಾಕಷ್ಟಿವೆ, ಎರಡು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಅಲ್ಲಿ ಡೆವಿಲ್ಸ್ ಕ್ಲಬ್ ಎಂಬ ಅಗಲ ಎಲೆಯ ಮುಳ್ಳುಗಿಡವಿದೆ. ಜಾರಿದಾಗ ಆಸರೆಗೆಂದು ಹಿಡಿದರೆ ಸಣ್ಣ ಮುಳ್ಳುಗಳು ಅಂಗೈಯಲ್ಲಿ ಮುರಿದು ಉಳಿಯುತ್ತವೆ.

ಹಿಮದ ಮೇಲೆ ಕಾಲಿಡಲೇಬೇಕೆಂದರೆ

ಮೇಲೆ ಹೇಳಿದ ಯಾವ ದಾರಿಯೂ ಹಿಮದವರೆಗೆ ಹೋಗುವುದಿಲ್ಲ. ನಡುವೆ ಸರೋವರವಿದೆ. ಹೆಲಿಕಾಪ್ಟರ್‌ನಲ್ಲಿ ಮೇಲೆ ಇಳಿಸುವ ಪ್ರವಾಸಗಳಿವೆ, ಬೆಲೆ ನೂರಾರು ಡಾಲರ್, ಮೋಡ ಕವಿದರೆ ರದ್ದು. ಸರೋವರದ ಆಚೆ ದಂಡೆಯ ವೆಸ್ಟ್ ಗ್ಲೇಸಿಯರ್ ದಾರಿ ಇಡೀ ದಿನದ ಕಷ್ಟದ ಚಾರಣ, ಕೊನೆಯಲ್ಲಿ ಬರಿಬಂಡೆ. ನೀಲಿ ಹಿಮಗುಹೆಗಳ ಚಿತ್ರ ನೋಡಿ ಅಲ್ಲಿಗೆ ಹೊರಡುವವರಿದ್ದಾರೆ. ಗುಹೆಗಳು ಕರಗುತ್ತಲೇ ಇರುತ್ತವೆ, ಚಾವಣಿ ಸೂಚನೆ ಕೊಡದೆ ಕುಸಿಯುತ್ತದೆ, ಹೋದ ವರ್ಷ ಇದ್ದದ್ದು ಈ ವರ್ಷ ಇರುವುದಿಲ್ಲ. ಪರಿಣತ ಗೈಡ್ ಇಲ್ಲದೆ, ಕ್ರ್ಯಾಂಪನ್ (ಹಿಮದ ಮೇಲೆ ಜಾರದಂತೆ ಶೂಗೆ ಕಟ್ಟುವ ಲೋಹದ ಮುಳ್ಳುಪಟ್ಟಿ) ಮತ್ತು ಹೆಲ್ಮೆಟ್ ಇಲ್ಲದೆ ಅತ್ತ ಹೋಗಬೇಡಿ. ಹಡಗಿನಿಂದ ಇಳಿದು ಒಂದೇ ದಿನ ಇರುವವರಿಗಂತೂ ಅದು ಲೆಕ್ಕಕ್ಕೇ ಇಲ್ಲ.

ಚಳಿಗಾಲದಲ್ಲಿ ಹೋಗುವವರಿಗೆ

ನವೆಂಬರ್‌ನಿಂದ ಮಾರ್ಚ್‌ವರೆಗೆ ಹಡಗುಗಳಿಲ್ಲ, ಶಟಲ್‌ಗಳೂ ಇಲ್ಲ. ಬಾಡಿಗೆ ಕಾರು ಬೇಕು. ವಿಸಿಟರ್ ಸೆಂಟರ್ ವಾರದ ಕೆಲವೇ ದಿನ ತೆರೆದಿರುತ್ತದೆ. ಡಿಸೆಂಬರ್‌ನಲ್ಲಿ ಹಗಲು ಆರೂವರೆ ಗಂಟೆಯೂ ಪೂರ್ತಿ ಇರುವುದಿಲ್ಲ, ಹನ್ನೊಂದಕ್ಕೆ ಹೊರಟು ಎರಡಕ್ಕೆ ಮರಳುವಂತೆ ಇಟ್ಟುಕೊಳ್ಳಿ. ಜಲ್ಲಿಯ ದಾರಿ ಗಾಜಿನಂತೆ ಹೆಪ್ಪುಗಟ್ಟಿರುತ್ತದೆ. ಶೂಗೆ ಸಿಕ್ಕಿಸುವ ಮೊಳೆಪಟ್ಟಿ ಇಲ್ಲದೆ ಇಳಿಯಬೇಡಿ.

ಸರೋವರ ಹೆಪ್ಪುಗಟ್ಟಿದಾಗ ಊರಿನವರು ಅದರ ಮೇಲೆ ಸ್ಕೇಟಿಂಗ್ ಮಾಡುತ್ತಾರೆ. ಅವರ ಹೆಜ್ಜೆಗುರುತು ಕಂಡಿತೆಂದು ಹಿಂಬಾಲಿಸಬೇಡಿ. ಜಲಪಾತದ ನೀರು ಬಂದು ಸೇರುವ ಜಾಗ, ಸ್ಟೀಪ್ ಕ್ರೀಕ್ ಬಾಯಿ, ನದಿ ಹೊರಡುವ ತುದಿ, ಈ ಮೂರು ಕಡೆ ಹರಿವಿನಿಂದಾಗಿ ಮಂಜುಗಡ್ಡೆ ಕಡು ಚಳಿಯಲ್ಲೂ ತೆಳ್ಳಗಿರುತ್ತದೆ. ಸಿಕ್ಕಿಕೊಂಡ ತೇಲುಹಿಮದ ಸುತ್ತಲೂ ಅಷ್ಟೇ, ಅದು ಅಲುಗಾಡಿದಾಗ ಸುತ್ತಲಿನ ಗಡ್ಡೆ ಒಡೆಯುತ್ತದೆ. ದಂಡೆಯ ದಾರಿಯಲ್ಲೇ ನಡೆದು ಹೋದರೂ ಅರ್ಧ ಹೆಪ್ಪುಗಟ್ಟಿದ ಜಲಪಾತ ಅಷ್ಟೇ ಹತ್ತಿರದಿಂದ ಸಿಗುತ್ತದೆ.